ಮಳೆ ನುಂಗಿದ ಡ್ರ್ಯಾಗನ್, ನಮ್ಮ ಕೆರೆ ಏರಿ

ಪುರಾಣ ಅಂದರೆ ಆಗಿಹೋದ ಕಥೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ರಾಮ ಕಾಡಿಗೆ ಹೋದ, ಮುಗೀತು. ಈಗ ಯಾರು ಎಷ್ಟು ಕೂಗಿ ಕರೆದರೂ ಅವನು ಅಯೋಧ್ಯೆಯ ಬಾಗಿಲಲ್ಲೇ ತಿರುಗಿ ನಿಲ್ಲೋದಿಲ್ಲ. ಆದರೆ ಗ್ಲೊರಾಂತಾ ಅಂತ ಒಂದು ಕಲ್ಪನೆಯ ಲೋಕ ಇದೆ. ಅಲ್ಲಿ ಪುರಾಣ ಆಗಿಹೋಗಿಲ್ಲ, ಒಂದು ಊರಿನ ಥರ ಈಗಲೂ ಇದೆ. ದಾರಿ ಗೊತ್ತಿದ್ದವರು ಒಳಗೆ ಹೋಗಬಹುದು. ದೇವರು ನಡೆದ ದಾರಿಯಲ್ಲೇ ನಡೆಯಬಹುದು. ತೀರಾ ಧೈರ್ಯ ಇದ್ದರೆ, ದೇವರು ಎಡಕ್ಕೆ ತಿರುಗಿದ ಕಡೆ ಬಲಕ್ಕೆ ತಿರುಗಬಹುದು. ಆಚೆ ಬಂದಾಗ ನಿಮ್ಮ ಊರು ಸ್ವಲ್ಪ ಬದಲಾಗಿರುತ್ತೆ. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಅನ್ನೋದು ಗೊತ್ತಾಗೋಕೆ ಒಂದು ಸುಗ್ಗಿ ಬೇಕು.

ಎರಡು ಸೆಮಿಸ್ಟರಿಂದ ಪ್ರತಿ ಶನಿವಾರ ಮಧ್ಯಾಹ್ನ ನಾನು ಆ ಲೋಕದಲ್ಲಿರುತ್ತೇನೆ. ಕ್ಯಾಂಟೀನ್ ಹಿಂದಿನ ಕಲ್ಲು ಬೆಂಚಿನಲ್ಲಿ ಐದು ಜನ ದಾಳ ಹಿಡಿದು ಕೂತಿರೋದನ್ನು ನೀವೂ ನೋಡಿರಬಹುದು. ಜೂಜು ಅಂದುಕೊಂಡ ಸೆಕ್ಯುರಿಟಿ ಅಂಕಲ್‌ಗೆ ಒಂದು ಸಲ ಪೂರ್ತಿ ವಿವರಿಸಬೇಕಾಯಿತು. ಇದು ವಿಡಿಯೋ ಗೇಮ್ ಅಲ್ಲ, ಬೋರ್ಡೂ ಇಲ್ಲ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ. "ನದಿ ತುಂಬಿದೆ, ಏನು ಮಾಡ್ತೀರ?" ಅಂತ ಅವರು ಕೇಳುತ್ತಾರೆ, ನಾವು ಹೇಳುತ್ತೇವೆ, ಆಗುತ್ತೋ ಇಲ್ಲವೋ ಅನ್ನೋದನ್ನು ದಾಳ ಹೇಳುತ್ತೆ. ನಮ್ಮ ಆಟದ ಹೆಸರು ರೂನ್‌ಕ್ವೆಸ್ಟ್. ಮೊದಲು ಬಂದದ್ದು 1978ರಲ್ಲಿ, ನಾವು ಆಡೋದು 2018ರ ಆವೃತ್ತಿ.

ಈ ಲೋಕವನ್ನು ಕಟ್ಟಿದವರು ಗ್ರೆಗ್ ಸ್ಟ್ಯಾಫರ್ಡ್ ಅನ್ನೋ ಅಮೆರಿಕದವರು. 1966ರಲ್ಲಿ ಅದರ ಬಗ್ಗೆ ಬರೆಯಲು ಶುರುಮಾಡಿದಾಗ ಅವರೂ ನಮ್ಮ ಹಾಗೆ ಆಗತಾನೇ ಕಾಲೇಜು ಸೇರಿದ್ದ ಹುಡುಗ. 2018ರಲ್ಲಿ ತೀರಿಕೊಳ್ಳುವವರೆಗೂ ಅದರ ಜೊತೆಗೇ ಇದ್ದರು. ಐವತ್ತು ವರ್ಷಕ್ಕೂ ಹೆಚ್ಚು. ನಾನು ಒಂದು ಮಿನಿ ಪ್ರಾಜೆಕ್ಟಿನ ಜೊತೆ ಐವತ್ತು ದಿನ ಇರಲಾರೆ.

ಗ್ಲೊರಾಂತಾದಲ್ಲಿ ನಮ್ಮ ಫಿಸಿಕ್ಸ್ ನಡೆಯೋದಿಲ್ಲ. ಭೂಮಿ ಉಂಡೆ ಅಲ್ಲ, ಕಡಲ ಮೇಲೆ ತೇಲುವ ಒಂದು ಚೌಕದ ಹೆಂಟೆ. ಸೂರ್ಯ ದಿನಾ ಸಂಜೆ ನಿಜವಾಗಿಯೂ ಪಾತಾಳಕ್ಕೆ ಇಳಿಯುತ್ತಾನೆ. ಯಾಕೆಂದರೆ ಒಂದು ಕಾಲದಲ್ಲಿ ಗಾಳಿ-ಗುಡುಗಿನ ದೇವರು ಓರ್ಲಾಂತ್, ಸೂರ್ಯ ಚಕ್ರವರ್ತಿ ಯೆಲ್ಮ್‌ನನ್ನು ಕೊಂದುಬಿಟ್ಟ. ಲೋಕ ಕತ್ತಲಾಯಿತು, ಹಿಮ ಬಿತ್ತು, ಬಿರುಕುಗಳಿಂದ ವಿಕಾರಗಳು ನುಗ್ಗಿದವು. ಕೊನೆಗೆ ಓರ್ಲಾಂತೇ ಪಾತಾಳಕ್ಕೆ ಹೋಗಿ, ತಾನು ಕೊಂದವನ ಎದುರು ನಿಂತು, ರಾಜಿಯಾಗಿ ಅವನನ್ನು ವಾಪಸ್ ಕರೆತಂದ. ಅವತ್ತು ಹುಟ್ಟಿದ ಬೆಳಗಿನಿಂದಲೇ ಕಾಲ ಅನ್ನೋದು ಶುರು. ಅದಕ್ಕೆ ಮುಂಚೆ ಮೊದಲು, ಆಮೇಲೆ ಅನ್ನೋದೇ ಇರಲಿಲ್ಲ. ಆ ರಾಜಿಯಲ್ಲಿ ದೇವರುಗಳು ಒಂದು ಮಾತು ಕೊಟ್ಟರು, ಇನ್ನು ಮೇಲೆ ಕಾಲದೊಳಗೆ ತಾವಾಗಿ ಕೈಹಾಕೋದಿಲ್ಲ ಅಂತ. ಅಂದರೆ ದೇವರುಗಳು ತಮ್ಮ ಕಥೆಯೊಳಗೆ ಲಾಕ್ ಆದರು. ಅವರು ಬದಲಾಗಲಾರರು. ಬದಲಾಯಿಸಲು ಆಗೋದು ಸಾಯುವ ಮನುಷ್ಯರಿಗೆ ಮಾತ್ರ.

ಹಾಗೆ ಒಳಗೆ ಹೋಗಿ ಬರುವ ಕೆಲಸಕ್ಕೆ ಅಲ್ಲಿ ಹೀರೋಕ್ವೆಸ್ಟ್ ಅನ್ನುತ್ತಾರೆ. ನಮ್ಮ ಆಟ ನಡೆಸುವ ಸೀನಿಯರ್ ಅದಕ್ಕೆ "ದಾರಿ ತುಳಿಯೋದು" ಅನ್ನುತ್ತಾರೆ. 1999ರಲ್ಲಿ ಬಂದ ಕಿಂಗ್ ಆಫ್ ಡ್ರ್ಯಾಗನ್ ಪಾಸ್ ಅನ್ನೋ ಕಂಪ್ಯೂಟರ್ ಗೇಮ್‌ನಲ್ಲಿ ಇದರ ರುಚಿ ನೋಡಬಹುದು, ಈಗ ಫೋನಿನಲ್ಲೂ ಸಿಗುತ್ತೆ. ಅದರಲ್ಲಿ ನೀವು ಒಂದು ಕುಲವನ್ನು ನಡೆಸಬೇಕು. ಬಿತ್ತನೆ, ದನ, ಪಕ್ಕದ ಕುಲದ ಜೊತೆ ಜಗಳ. ಆಗಾಗ ಒಬ್ಬರನ್ನು ದೇವರ ಕಥೆಯೊಳಗೆ ಕಳಿಸಬೇಕಾಗುತ್ತೆ. ಕಥೆಯನ್ನು ಮೊದಲೇ ಓದಿ ತಲೆಯಲ್ಲಿ ಇಟ್ಟುಕೊಂಡಿರಬೇಕು. ಒಳಗೆ ಹೋದ ಮೇಲೆ "ದೇವರು ಇಲ್ಲಿ ಏನು ಮಾಡಿದ" ಅಂತ ಗೇಮ್ ನೆನಪಿಸೋದಿಲ್ಲ. ಮರೆತರೆ ಹೋದವನು ಗಾಯವಾಗಿ ಬರುತ್ತಾನೆ, ಅಥವಾ ಬರೋದೇ ಇಲ್ಲ. ನಾನು ನೋಡಿದ ಗೇಮ್‌ಗಳಲ್ಲಿ ಅಜ್ಜಿಯ ಕಥೆಯನ್ನು ಗಮನವಿಟ್ಟು ಕೇಳಿದ್ದಕ್ಕೆ ಮಾರ್ಕ್ಸ್ ಕೊಡೋದು ಇದೊಂದೇ.

ನಮ್ಮ ಗುಂಪಿನವರನ್ನು ಬ್ರಾಂಚ್ ಹೆಸರಿನಲ್ಲೇ ಪರಿಚಯಿಸುತ್ತೇನೆ, ಯಾರಿಗೂ ತಮ್ಮ ಹೆಸರು ಮ್ಯಾಗಜೀನಿನಲ್ಲಿ ಬರೋದು ಬೇಡವಂತೆ. ನಾನು ಕಂಪ್ಯೂಟರ್ ಸೈನ್ಸ್. ನನ್ನ ಪಾತ್ರ ಲ್ಹಾಂಕೊರ್ ಮೈ ಅನ್ನೋ ಜ್ಞಾನದ ದೇವರ ಭಕ್ತೆ. ಆ ದೇವರ ಪಂಡಿತರಿಗೆ ಗಡ್ಡ ಇರಲೇಬೇಕು, ಹೆಂಗಸರಾದರೆ ಕಟ್ಟಿಕೊಳ್ಳುವ ಗಡ್ಡ. ಇದು ನಾವು ಹುಟ್ಟಿಸಿದ ಜೋಕಲ್ಲ, ಆ ಲೋಕದ ನಿಯಮವೇ ಹಾಗೆ. ನನ್ನ ರೂಮ್‌ಮೇಟ್ ಇಸಿ, ಭೂದೇವಿ ಎರ್ನಾಲ್ಡಾಳ ಪೂಜಾರಿಣಿ. ಮೆಕ್ಕಿನವನು ಯೂರ್ಮಾಲ್ ಅನ್ನೋ ತರಲೆ ದೇವರ ಭಕ್ತ, ಅವನು ಅಭಿನಯ ಮಾಡಬೇಕಾದ ಅಗತ್ಯವೇ ಇಲ್ಲ. ಓರ್ಲಾಂತನ ಭಕ್ತ ಸಿವಿಲ್‌ನವನು, ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ.

ಅವನು ಸೇರೋಕೆ ಮುಂಚೆ ನಾವು ಇಂಗ್ಲಿಷಿನಲ್ಲೇ ಆಡುತ್ತಿದ್ದೆವು. ಪುಸ್ತಕ ಇಂಗ್ಲಿಷು, ನಾವು ಓದಿದ್ದೂ ಇಂಗ್ಲಿಷು. ಅವನು ಮೊದಲ ದಿನ ಅರ್ಧ ಗಂಟೆ ಸುಮ್ಮನೆ ಕೇಳಿ, "ಈ ಚೀಫ್ ಅಂದ್ರೆ ನಮ್ ಗೌಡ್ರು ತಾನೆ?" ಅಂದ. ಅಷ್ಟೇ. ಅಲ್ಲಿಯವರೆಗೆ ಆ ಚೀಫ್‌ಗೆ ಮುಖ ಇರಲಿಲ್ಲ, ಯಾವುದೋ ಹಾಲಿವುಡ್ ಸಿನಿಮಾದ ಗಡ್ಡ ಇತ್ತು. ಗೌಡ್ರು ಅಂದ ತಕ್ಷಣ ಮೀಸೆ ಬಂತು, ಜಗಲಿ ಬಂತು, ಸಾಲ ಬಂತು, ಮಾತಿನ ಮಧ್ಯೆ ಕೆಮ್ಮುವ ಚಾಳಿ ಬಂತು. ಕುಲವನ್ನು ಕಾಯುವ ಶಕ್ತಿಗೆ ಪುಸ್ತಕದಲ್ಲಿ ವೈಟರ್ ಅಂತ ಹೆಸರು. ಸಿವಿಲ್ ಅದನ್ನು ಊರಮ್ಮ ಅಂದ. ಮುಂದಿನ ವಾರದಿಂದ ಯಾರೂ ಅವಳ ಗುಡಿಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುತ್ತೇನೆ ಅನ್ನಲಿಲ್ಲ, ಯೂರ್ಮಾಲ್ ಭಕ್ತನೂ ಸೇರಿ. ಭಾಷೆ ಬದಲಾದರೆ ನಿಯಮ ಬದಲಾಗಲ್ಲ, ನಡವಳಿಕೆ ಬದಲಾಗುತ್ತೆ ಅಂತ ನನಗೆ ಗೊತ್ತಾದದ್ದು ಹೀಗೆ.

ದಾರಿ ತುಳಿಯೋದು ಅಂದರೇನು ಅಂತ ಸೀನಿಯರ್ ಅವನಿಗೆ ವಿವರಿಸುತ್ತಿದ್ದರು. ಊರಿನವರೆಲ್ಲ ಸೇರಬೇಕು, ಕಥೆಯನ್ನು ನಡೆಸಿಕೊಡಬೇಕು, ಆಗ ಕಥೆಯಲ್ಲಿ ಆದದ್ದು ಹೊಲದಲ್ಲೂ ಆಗುತ್ತೆ ಅಂತ. ಅವನು, "ಅಣ್ಣ, ಇದು ನಮ್ಮೂರಲ್ಲಿ ವಿರಾಟಪರ್ವ ಓದ್ಸಿದಂಗೆ" ಅಂದ. ನನಗೆ ಅರ್ಥವಾಗಲಿಲ್ಲ. ಮಳೆ ಕೈಕೊಟ್ಟರೆ ಗುಡಿಯಲ್ಲಿ ಕುಮಾರವ್ಯಾಸನ ಭಾರತದ ವಿರಾಟಪರ್ವ ಓದಿಸುತ್ತಾರೆ, ಓದಿಸಿದರೆ ಮಳೆ ಬರುತ್ತೆ ಅನ್ನೋ ನಂಬಿಕೆ ನಮ್ಮ ಎಷ್ಟೋ ಊರುಗಳಲ್ಲಿದೆ ಅಂತ ಆಮೇಲೆ ತಿಳೀತು. ಪಾಂಡವರು ವೇಷ ಮರೆಸಿಕೊಂಡು ಕಳೆದ ಒಂದು ವರ್ಷದ ಕಥೆ. ಕೊನೆಗೆ ಕೌರವರು ವಿರಾಟನ ದನ ಹೊಡೆದುಕೊಂಡು ಹೋಗುತ್ತಾರೆ, ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಬಿಡಿಸಿಕೊಂಡು ಬರುತ್ತಾನೆ. ಗ್ಲೊರಾಂತಾದ ಓರ್ಲಾಂತ್ ಕುಲಗಳ ಮುಖ್ಯ ಉದ್ಯೋಗವೂ ಪಕ್ಕದವರ ದನ ಹೊಡೆಯೋದೇ. ಸ್ಟ್ಯಾಫರ್ಡ್‌ಗೆ ವಿರಾಟಪರ್ವ ಕೊಟ್ಟಿದ್ದರೆ ಖುಷಿಪಡುತ್ತಿದ್ದರು.

"ಓದ್ಸಿದ್ರೆ ಮಳೆ ಬರ್ತಿತ್ತಾ?" ಅಂತ ಕೇಳಿದೆ.

"ಒಂದೊಂದ್ಸಲ. ಬರ್ಲಿಲ್ಲ ಅಂದ್ರೆ, ಯಾರೋ ಪೂರ್ತಿ ಕೇಳ್ದೆ ಮಧ್ಯದಾಗೆ ಎದ್ದೋದ್ರು ಅಂತ ಅಜ್ಜ ಬೈಯೋರು."

ಸೀನಿಯರ್ ರೂಲ್‌ಬುಕ್ ಮುಚ್ಚಿ, "ನಿನಗೆ ಇದನ್ನ ಹೇಳಿಕೊಡೋದೇನೂ ಇಲ್ಲ" ಅಂದರು.

ಇಲ್ಲಿ ನನ್ನ ಬಗ್ಗೆ ಒಂದು ಮಾತು. ನನಗೆ ಮಹಾಭಾರತ ಗೊತ್ತಿರೋದು ಇಂಗ್ಲಿಷ್ ಕಾಮಿಕ್ಸಿನಿಂದ ಮತ್ತು ಟೀವಿಯಿಂದ. ಯಾರು ಯಾರ ಮಗ ಅಂತ ಫ್ಲೋಚಾರ್ಟ್ ಬರೆಯಬಲ್ಲೆ. ಆದರೆ ಅದು ಯಾವತ್ತೂ ನನ್ನ ಊರಿನ ಮಳೆಗೋ ಬೆಳೆಗೋ ಸಂಬಂಧಪಟ್ಟಿರಲಿಲ್ಲ. ಗ್ಲೊರಾಂತಾದ ಇತಿಹಾಸದಲ್ಲಿ ನನ್ನಂಥವರಿಗೆ ಒಂದು ಹೆಸರಿದೆ, ಗಾಡ್ ಲರ್ನರ್ಸ್. ಎರಡನೇ ಯುಗದಲ್ಲಿ ಕಡಲ ಸಾಮ್ರಾಜ್ಯ ಕಟ್ಟಿದ ಪಂಡಿತರು ಅವರು. ಎಲ್ಲ ಜನರ ಪುರಾಣಗಳನ್ನೂ ಸಂಗ್ರಹಿಸಿದರು, ಹೋಲಿಸಿದರು, ಎಲ್ಲದರ ಅಡಿಯಲ್ಲೂ ಇರೋದು ಒಂದೇ ಕಥೆ ಅಂತ ಚಾರ್ಟ್ ಮಾಡಿದರು. ಜೋಸೆಫ್ ಕ್ಯಾಂಪ್‌ಬೆಲ್ 1949ರ ತನ್ನ ಪುಸ್ತಕದಲ್ಲಿ ಲೋಕದ ವೀರರ ಕಥೆಗಳಿಗೆಲ್ಲ ಒಂದೇ ಅಚ್ಚು ಇದೆ ಅಂದನಲ್ಲ, ಹಾಗೆ. ಆದರೆ ಗಾಡ್ ಲರ್ನರ್ಸ್ ಚಾರ್ಟಿಗೇ ನಿಲ್ಲಲಿಲ್ಲ. ಕಥೆಗಳನ್ನು ಕೋಡ್ ಥರ ಎಡಿಟ್ ಮಾಡತೊಡಗಿದರು. ಒಂದು ಸಲ ಎರಡು ನಾಡಿನ ಧಾನ್ಯದೇವಿಯರನ್ನು ಅದಲುಬದಲು ಮಾಡಿ ನೋಡಿದರು. ಇಬ್ಬರೂ ಧಾನ್ಯದೇವಿಯರೇ, ಒಂದೇ ಕ್ಲಾಸಿನ ಎರಡು ಆಬ್ಜೆಕ್ಟ್, ಏನಾದೀತು? ಆ ನೆಲ ಅವರನ್ನು ಒಪ್ಪಲಿಲ್ಲ, ಬೆಳೆ ಹಾಳಾಯಿತು. ಕೊನೆಗೆ ಅವರು ಮುಟ್ಟಿದ್ದೆಲ್ಲ ಅವರ ಮೇಲೇ ತಿರುಗಿತು, ಅವರ ನೆಲದ ಬಹುಪಾಲನ್ನು ಕಡಲು ನುಂಗಿತು.

ನನ್ನ ಪ್ರಕಾರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿಸಬೇಕಾದ ಕಥೆ ಇದು. ಹಾಗಂತ ಅದರ ಅರ್ಥ ಪುರಾಣವನ್ನು ಮುಟ್ಟಬಾರದು ಅಂತಲ್ಲ. ಮುಟ್ಟದೆ ಬಂದ ಪುರಾಣ ಯಾವುದಿದೆ? ಕ್ರಿ.ಶ. 941ರ ಸುಮಾರಿಗೆ ನಮ್ಮ ಪಂಪ ಮಹಾಭಾರತ ಬರೆದಾಗ ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನ ಮಾಡಿಬಿಟ್ಟ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಇದಕ್ಕಿಂತ ದೊಡ್ಡ ಎಡಿಟ್ ಬೇಕಾ? ಮೆಕ್ ಇದನ್ನು ಕೇಳಿ "ಸ್ಪಾನ್ಸರ್ಡ್ ಕಂಟೆಂಟ್" ಅಂದ. ಇರಬಹುದು. ಆದರೆ ಪಂಪನಿಗೆ ಆ ಕಥೆ ಒಳಗಿನಿಂದ ಗೊತ್ತಿತ್ತು, ಕೇಳೋಕೆ ಎದುರಿಗೆ ಜನ ಇದ್ದರು, ಸರಿಬರದಿದ್ದರೆ ಅವನೇ ಉತ್ತರ ಕೊಡಬೇಕಿತ್ತು. ಗಾಡ್ ಲರ್ನರ್ಸ್‌ಗೆ ಹಾಗಿರಲಿಲ್ಲ. ಅವರು ಬದಲಿಸಿದ್ದು ಬೇರೆಯವರ ದೇವಿಯನ್ನು, ಹಸಿದದ್ದು ಬೇರೆಯವರ ಮಕ್ಕಳು.

ಈ ಸೆಮಿಸ್ಟರಿನ ಆಟಕ್ಕೆ ಬರುತ್ತೇನೆ. ನಮ್ಮ ಕುಲಕ್ಕೆ ಮೂರನೇ ವರ್ಷದ ಬರ. ಸೀನಿಯರ್ ಬರ ಅನ್ನೋದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಿದ್ದರು, ಸಿವಿಲ್ ಬಿಡಲಿಲ್ಲ. "ಮೊದ್ಲು ಎತ್ತು ಮಾರ್ತಾರೆ ಅಣ್ಣ. ಆಮೇಲೆ ಹಸು. ಕುರಿ ಕೊನೇಗೆ, ಅದು ಏನಾದ್ರೂ ತಿಂದು ಬದುಕ್ತೈತೆ." ಯಾವ ಮನೆ ಮೊದಲು ಗುಳೆ ಹೋಗುತ್ತೆ, ಮದುವೆಗಳು ಯಾಕೆ ಮುಂದಕ್ಕೆ ಹೋಗುತ್ತವೆ ಅಂತೆಲ್ಲ ಹೇಳಿದ. ನಾನು ನೋಟ್ಸ್ ಮಾಡಿಕೊಂಡೆ, ಪಂಡಿತೆ ಅಲ್ಲವೆ. ಕುಲದ ಹಿರಿಯರು ತೀರ್ಮಾನಿಸಿದರು, ಅರೋಕಾನ ದಾರಿ ತುಳಿಯಬೇಕು.

ಅರೋಕಾ ಒಂದು ಡ್ರ್ಯಾಗನ್. ಮಳೆಯ ದೇವರು ಹೆಲರ್‌ನನ್ನು ನುಂಗಿಬಿಟ್ಟಿದೆ, ಅದಕ್ಕೇ ಲೋಕ ಒಣಗಿದೆ. ಓರ್ಲಾಂತ್ ಹೋಗಿ ಅದನ್ನು ಕೊಂದು ಮಳೆಯನ್ನು ಬಿಡಿಸುತ್ತಾನೆ. ಇದು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ ಸರಿಯಾಗೇ ಅನ್ನಿಸಿದೆ. ಋಗ್ವೇದದಲ್ಲಿ ಇಂದ್ರ ವಜ್ರದಿಂದ ವೃತ್ರನನ್ನು ಕೊಂದು, ಅವನು ತಡೆಹಿಡಿದಿದ್ದ ನೀರನ್ನು ಹರಿಯಬಿಡುತ್ತಾನೆ. ಈ ಹೋಲಿಕೆಯನ್ನು ಹೆಮ್ಮೆಯಿಂದ ಹೇಳಿದೆ. "ಗಾಡ್ ಲರ್ನರ್ ಬಂದಳು ನೋಡ್ರಪ್ಪ" ಅಂದ ಮೆಕ್.

ಮೂರು ಶನಿವಾರ ಆ ದಾರಿ ತುಳಿದೆವು. ನಡುವಿನದ್ದನ್ನು ಹೇಳಿ ನಿಮ್ಮ ತಲೆ ತಿನ್ನಲ್ಲ. ಆಡದವರಿಗೆ ಬೇರೆಯವರ ಆಟದ ವರದಿ ಅಂದರೆ ಬೇರೆಯವರ ಕನಸು ಕೇಳಿದ ಹಾಗೆ. ಕೊನೆಯ ಘಟ್ಟದಲ್ಲಿ ಸಿವಿಲ್ ಎರಡು ಗುಡ್ಡಗಳ ನಡುವೆ ಡ್ರ್ಯಾಗನ್ ಎದುರು ನಿಂತಿದ್ದ. ಕಥೆಯ ಪ್ರಕಾರ ಇನ್ನು ಹೊಟ್ಟೆ ಬಗೆಯೋದಷ್ಟೇ ಬಾಕಿ. ದಾಳವೂ ಚೆನ್ನಾಗಿ ಬೀಳುತ್ತಿತ್ತು. ಅವನು ದಾಳ ಕೆಳಗಿಟ್ಟ.

"ಅಣ್ಣ, ಇದನ್ನ ಕೊಂದು ಬಿಟ್ರೆ ಮಳೆ ಒಂದೇ ಸಲ ಸುರ್ದು ಹೋಗ್ತೈತೆ. ನಮ್ ಕಡೆ ಆಗೋದು ಅದೇ. ಬರ್ದೇ ಬರ್ದೇ ಇದ್ದು ಒಂದಿನ ಬರ್ತೈತೆ, ಮಣ್ಣೂ ಎತ್ಕೊಂಡು ಹೋಗ್ತೈತೆ. ಇದರ ಹೆಣಾನ ಹಿಂಗೇ ಎರಡು ಗುಡ್ಡಕ್ಕೆ ಅಡ್ಡ ಮಲಗಿಸ್ತೀನಿ. ಏರಿ ಆಗ್ತೈತೆ."

ನಾವೆಲ್ಲ ಒಂದು ಕ್ಷಣ ಸುಮ್ಮನಾದೆವು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದೆವು. ಡ್ರ್ಯಾಗನ್ ಮೈಯೇ ಕೆರೆ ಏರಿ! ಅವನು ಆಗಲೇ ನನ್ನ ನೋಟ್‌ಬುಕ್ ಕಿತ್ತುಕೊಂಡು ಅಡ್ಡಸೀಳಿಕೆ ಬರೆಯುತ್ತಿದ್ದ. ತಲೆ ಇಲ್ಲಿ, ಬಾಲ ಅಲ್ಲಿ, ತೂಬು ಇಲ್ಲಿ, ಕೋಡಿ ಬೀಳೋದು ಈ ಕಡೆ. ಅವನ ಮನಸ್ಸಿನಲ್ಲಿದ್ದದ್ದು ಹಿರಿಯೂರಿನ ಹತ್ತಿರದ ಮಾರಿಕಣಿವೆ. ಅಲ್ಲಿ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ ಇದೆ. 1907ರಲ್ಲಿ ಕೆಲಸ ಮುಗಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಆ ನೀರು ನೋಡೋಕೆ ಅವನು ಅಪ್ಪನ ಬೈಕಿನಲ್ಲಿ ಹೋಗಿದ್ದನಂತೆ. ಇಡೀ ಜಿಲ್ಲೆಯೇ ಅಲ್ಲಿತ್ತು ಅಂದ.

ಸೀನಿಯರ್ ಒಪ್ಪಿದರು. ಆದರೆ ಕಥೆ ಬದಲಿಸಿದರೆ ಅದಕ್ಕೊಂದು ಬೆಲೆ ಇರುತ್ತೆ, ಕಥೆ ಹೋಗೋಕೆ ಹೊಸ ದಾರಿ ಹುಡುಕಿಕೊಳ್ಳುತ್ತೆ ಅಂದರು. ದಾಳ ಹಾಕಿದೆವು, ಡ್ರ್ಯಾಗನ್ ಸತ್ತಿತು, ಅಡ್ಡ ಬಿತ್ತು, ಮಳೆ ಬಂತು. ನೀರು ನಿಲ್ಲಲಿಲ್ಲ. ಏರಿಯ ಅಡಿಯಿಂದ ಒಸರಿ ಹೋಗುತ್ತಿದೆ. ಊರಮ್ಮ ಮೈಮೇಲೆ ಬಂದಳು. ಸೀನಿಯರ್ ದನಿ ತಗ್ಗಿಸಿ ಹೇಳಿದರು, "ಕೆರೆ ಕೇಳ್ತಾ ಇದೆ."

ಕನ್ನಡ ಪಠ್ಯವನ್ನು ಎಷ್ಟೇ ಕಷ್ಟಪಟ್ಟು ಪಾಸು ಮಾಡಿದವರಿಗೂ ಈ ಕಥೆ ಗೊತ್ತು. 'ಕೆರೆಗೆ ಹಾರ' ಅನ್ನೋ ಜನಪದ ಹಾಡು. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರೋದಿಲ್ಲ, ಶಾಸ್ತ್ರ ಕೇಳಿದರೆ ಸೊಸೆಯನ್ನು ಹಾರ ಕೊಡಬೇಕು ಅನ್ನುತ್ತೆ. ಎಲ್ಲರೂ ಸೇರಿ ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಅವಳಿಗೆ ಗೊತ್ತಾಗುತ್ತೆ, ಆದರೂ ಹೋಗುತ್ತಾಳೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಬಂದು, ವಿಷಯ ತಿಳಿದು, ತಾನೂ ಅದೇ ಕೆರೆಗೆ ಹಾರುತ್ತಾನೆ. ಸೀನಿಯರ್ ಇದನ್ನು ಮೊದಲೇ ಯೋಚಿಸಿಟ್ಟಿರಲಿಲ್ಲವಂತೆ, ಕೆರೆ ಅಂದ ಮೇಲೆ ಬಾಯಿಗೆ ಅದೇ ಬಂತು ಅಂದರು. ಗ್ಲೊರಾಂತಾದ ಕಥೆಯನ್ನು ನಾವು ಕನ್ನಡದಲ್ಲಿ ಬದಲಿಸಿದೆವು, ಅದು ಕನ್ನಡದಲ್ಲೇ ಬೆಲೆ ಕೇಳಿತು.

ಆಮೇಲೆ ಎಲ್ಲರ ಕಣ್ಣೂ ಒಂದು ಹಾಳೆಯ ಮೇಲೆ ಹೋಯಿತು. ಇಸಿಯ ಪಾತ್ರದ ಹಾಳೆ. ಓರ್ಲಾಂತ್ ಜನರಲ್ಲಿ ಮದುವೆ ಕುಲದ ಆಚೆಗೇ ಆಗಬೇಕು, ಹೆಚ್ಚಾಗಿ ಹುಡುಗಿಯೇ ಗಂಡನ ಕುಲಕ್ಕೆ ಬರುತ್ತಾಳೆ. ಆಟ ಶುರುವಾದ ದಿನ ತಮಾಷೆಗೆ ಅವಳು ಬರೆದಿದ್ದಳು: ಗೌಡ್ರ ಮನೆಯ ಕಿರಿಸೊಸೆ.

ಗಂಟೆ ಎಂಟಾಗುತ್ತಾ ಬಂದಿತ್ತು, ಲೇಡೀಸ್ ಹಾಸ್ಟೆಲ್ ಗೇಟ್ ಮುಚ್ಚುವ ಹೊತ್ತು. ಅಲ್ಲಿಗೇ ನಿಲ್ಲಿಸಿ ಓಡಿದೆವು. ಆ ರಾತ್ರಿ ಇಸಿ ನಿದ್ದೆ ಮಾಡಲಿಲ್ಲ, ನನಗೂ ಬಿಡಲಿಲ್ಲ. "ನಾನೇ ಹೋಗ್ತೀನಿ ಅಂದ್ರೆ ಎಲ್ಲರೂ ಅಳ್ತಾರೆ, ಸೂಪರ್ ಸೀನ್ ಆಗುತ್ತೆ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅದಕ್ಕೇ ಹೋಗಲ್ಲ ಕಣೇ. ಏಳನೇ ಕ್ಲಾಸಲ್ಲಿ ಈ ಹಾಡು ಬಾಯಿಪಾಠ ಮಾಡ್ಸಿ, ಎಷ್ಟು ಚೆನ್ನಾಗಿದೆ ಅಲ್ವಾ ಅಂದಿದ್ರು ಮಿಸ್. ನನಗೆ ಅವತ್ತೇ ಸಿಟ್ಟು ಬಂದಿತ್ತು" ಅಂದಳು.

ಭಾನುವಾರ ಬೆಳಿಗ್ಗೆಯೇ ಸೇರಿದೆವು. ಇಸಿ ಬಾಯಿ ತೆರೆಯೋಕೆ ಮುಂಚೆ ಸಿವಿಲ್ ಮಾತಾಡಿದ. ದಾಳವನ್ನು ಬೆಂಚಿನ ಮೇಲೆ ಉರುಳಿಸುತ್ತಾ, ಯಾರನ್ನೂ ನೋಡದೆ.

"ಬೋರ್ ಬತ್ತಿದ ವರ್ಷ ನಮ್ಮನ್ಯಾಗೆ ಇಬ್ಬರಲ್ಲಿ ಒಬ್ಬರನ್ನೇ ಓದ್ಸೋದು ಅಂತಾಯ್ತು. ಎಂಟುನೂರು ಅಡಿ ಕೊರ್ಸಿದ್ರು, ಬರೀ ಧೂಳು ಬಂತು. ಅಕ್ಕ ಗಾರ್ಮೆಂಟ್ಸ್‌ಗೆ ಸೇರಿದ್ಲು. ನನ್ ಫೀಸು ಅವಳೇ ಕಟ್ಟೋದು. ಪಿಯುಸಿಯಾಗೆ ಅವಳದು ನನಗಿಂತ ಜಾಸ್ತಿ ಮಾರ್ಕ್ಸು. ಯಾರೂ ಅವಳನ್ನ ಕೇಳ್ಲಿಲ್ಲ, ನಾನೂ ಸಣ್ಣೋನು. ಅದಕ್ಕೆ, ಈ ಆಟದಾಗೆ ಸೊಸೆ ಹೋಗೋದಾದ್ರೆ ನಾನು ಎದ್ದು ಹೋಗ್ತೀನಿ. ಏರಿ ಒಡೆದು ಹೋಗ್ಲಿ."

ಅದು ಪಾತ್ರದ ಮಾತೋ ಅವನ ಮಾತೋ ಅಂತ ಯಾರೂ ಕೇಳಲಿಲ್ಲ. ಮೆಕ್ ಎದ್ದು ಹೋಗಿ ಐದು ಟೀ ತಂದ. ಅವನು ದುಡ್ಡು ಕೊಟ್ಟು ಟೀ ತಂದದ್ದನ್ನು ನಾನು ನೋಡಿದ್ದು ಅವತ್ತೇ.

ಆಮೇಲೆ ಇಸಿ ತನ್ನ ಲೆಕ್ಕ ಹೇಳಿದಳು. ರೂನ್‌ಕ್ವೆಸ್ಟ್‌ನಲ್ಲಿ ಪ್ರತಿ ಪಾತ್ರಕ್ಕೂ ಪವರ್ ಅಂತ ಒಂದು ಅಂಕ ಇರುತ್ತೆ. ಆತ್ಮದ ಬಲ ಅನ್ನಿ. ಮಾಮೂಲಿ ಮನುಷ್ಯರಿಗೆ 3ರಿಂದ 18. ದೇವರಿಗೆ ನಡೆದುಕೊಳ್ಳುವವರು ಅದರಲ್ಲಿ ಒಂದು ಅಂಕವನ್ನು ಶಾಶ್ವತವಾಗಿ ಕೊಡಬಹುದು, ಕೊಟ್ಟದ್ದು ಸುಲಭಕ್ಕೆ ವಾಪಸ್ ಬರೋದಿಲ್ಲ. "ಒಬ್ಬಳ ಹನ್ನೆರಡೂ ಯಾಕೆ ಕೊಡ್ಬೇಕು? ಕುಲದಲ್ಲಿ ಎಲ್ಲರೂ ಒಂದೊಂದು ಕೊಡಲಿ. ಏರಿ ಮೇಲೆ ಸಾಲಾಗಿ ನಿಂತು, ಒಬ್ಬೊಬ್ಬರೇ. ಮೊದಲು ಗೌಡ್ರು, ಆಮೇಲೆ ಶಾಸ್ತ್ರ ಹೇಳಿದವರು, ಆಮೇಲೆ ನಾವು." ಎಷ್ಟೇ ಇಕ್ಕಟ್ಟಾದರೂ ಇನ್ನೊಂದು ದಾರಿ ಇದ್ದೇ ಇರುತ್ತೆ ಅನ್ನೋದು ಎರ್ನಾಲ್ಡಾಳ ಭಕ್ತೆಯರ ಗಟ್ಟಿ ನಂಬಿಕೆ, ಹಾಗಾಗಿ ಸೀನಿಯರ್‌ಗೆ ಬೇಡ ಅನ್ನೋಕೆ ಆಗಲಿಲ್ಲ. ಆದರೆ ಕುಲ ಒಪ್ಪಬೇಕು ಅಂದರು. ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ಗಡ್ಡ ಸರಿಮಾಡಿಕೊಂಡು ಎದ್ದು ನಿಂತು, ಹಳೆಯ ಕಥೆಯಲ್ಲಿ ಇಂಥದ್ದು ಇತ್ತು ಅಂತ ಹೇಳಬೇಕು. ಇರಲಿಲ್ಲ. ಲ್ಹಾಂಕೊರ್ ಮೈಯ ಭಕ್ತರು ಸುಳ್ಳು ಹೇಳುವ ಹಾಗಿಲ್ಲ. ಅದಕ್ಕೆ, "ಇದು ಯಾವ ಕಥೆಯಲ್ಲೂ ಇಲ್ಲ, ನಾನು ಎಲ್ಲವನ್ನೂ ಹುಡುಕಿದೆ. ಇವತ್ತು ನೀವು ಮಾಡಿದರೆ ನಾಳೆಯಿಂದ ಇರುತ್ತೆ, ನಾನು ಬರೆದಿಡುತ್ತೇನೆ" ಅಂದೆ. ನಾನು ಕನ್ನಡದಲ್ಲಿ ಎದ್ದುನಿಂತು ಮಾಡಿದ ಮೊದಲ ಭಾಷಣ ಅದು, ಕೇಳಿದವರು ನಾಲ್ಕು ಜನ ಮತ್ತು ಒಂದು ನಾಯಿ.

ದಾಳ ಬಿತ್ತು. ಕುಲ ಒಪ್ಪಿತು. ನಾವು ನಾಲ್ವರೂ ನಮ್ಮ ಹಾಳೆಗಳಲ್ಲಿ ಪವರ್ ಅಳಿಸಿ ಒಂದು ಕಡಿಮೆ ಬರೆದುಕೊಂಡೆವು. ಕುರುಬರು ಕೊಟ್ಟರು, ಕಮ್ಮಾರ ಕೊಟ್ಟ, ಆಳುಗಳು ಕೊಟ್ಟರು. ಗೌಡ್ರಿಗೆ ಮಾತ್ರ ಸೀನಿಯರ್ ಎಲ್ಲರೆದುರೇ ದಾಳ ಹಾಕಿದರು. ನೂರಕ್ಕೆ 50ರ ಒಳಗೆ ಬೀಳಬೇಕಿತ್ತು. 87 ಬಿತ್ತು. ಗೌಡ್ರು ಕೆಮ್ಮಿ, ನನಗೆ ವಯಸ್ಸಾಯಿತು, ನಾನು ಇದ್ದರಲ್ಲವೆ ಕುಲ ಅಂದರು. ಮೆಕ್ ಅವರನ್ನು ನೀರಿಗೆ ತಳ್ಳುತ್ತೇನೆ ಅಂದ, ನಾವು ತಡೆದೆವು. ತಳ್ಳಿದರೆ ಮತ್ತೆ ಅದೇ ಹಳೆ ಕಥೆಯೇ ಆಗುತ್ತಿತ್ತು, ಬರೀ ಹೆಸರು ಬೇರೆ.

ಹಾಗಾಗಿ ಈಗ ಏರಿ ನಿಂತಿದೆ. ಕೆರೆಯಲ್ಲಿ ನೀರಿದೆ. ಆದರೆ ಒಂದು ಕಡೆ, ಒಬ್ಬ ಮನುಷ್ಯ ಮಲಗುವಷ್ಟು ಅಗಲಕ್ಕೆ, ಇನ್ನೂ ಒಸರುತ್ತಿದೆ. ಸಿವಿಲ್ ಅದನ್ನೂ ತನ್ನ ಡ್ರಾಯಿಂಗಿನಲ್ಲಿ ಗುರುತು ಹಾಕಿದ್ದಾನೆ.

ಅಕ್ಕನ ವಿಷಯ ಬರೆಯಬಹುದಾ ಅಂತ ಅವನನ್ನು ಕೇಳಿದೆ. "ನಂದಲ್ಲ ಅದು, ಅವಳನ್ನೇ ಕೇಳ್ಬೇಕು" ಅಂದ. ಎರಡು ದಿನ ಬಿಟ್ಟು ಒಂದು ವಾಯ್ಸ್ ನೋಟ್ ಫಾರ್ವರ್ಡ್ ಮಾಡಿದ. ಹಿಂದೆ ಮೆಷಿನ್‌ಗಳ ಸದ್ದು, ಮುಂದೆ ಜೋರು ದನಿ.

"ಏನಮ್ಮ, ನನ್ನ ಕೆರೆಗೆ ಹಾರ ಮಾಡಿದ್ದೀರಂತೆ ಎಲ್ಲರೂ ಸೇರ್ಕೊಂಡು? ನಾನೆಲ್ಲೂ ಬಿದ್ದಿಲ್ಲ. ಇಲ್ಲೇ ಇದ್ದೀನಿ, ಚೆಕಿಂಗ್ ಸೆಕ್ಷನ್‌ನಾಗೆ. ಬಿ.ಕಾಂ. ಕಟ್ಟಿದೀನಿ, ದೂರಶಿಕ್ಷಣ, ಎರಡನೇ ವರ್ಷ. ಓದು ಬಿಡ್ಸಿದ್ದಕ್ಕೆ ಸಿಟ್ಟು ಐತೆ, ಅದನ್ನ ಬೇಕಾದ್ರೆ ಬರಿ. ಬಲಿ ಗಿಲಿ ಅಂತ ಬರೀಬ್ಯಾಡ. ಅವನಿಗೆ ಕೊಟ್ಟ ದುಡ್ಡೆಲ್ಲ ಪುಸ್ತಕದಾಗೆ ಬರೆದಿಟ್ಟೀನಿ, ಕೆಲಸ ಸಿಕ್ಕಿದ್ ಮೇಲೆ ತೀರಿಸ್ಬೇಕು, ಬಡ್ಡಿ ಬಿಟ್ಟಿದೀನಿ. ಅದನ್ನೂ ಬರಿ, ಅವನು ಮರೀಬಾರ್ದು."

ಸ್ವಲ್ಪ ಹೊತ್ತು ಬರೀ ಮೆಷಿನ್ ಸದ್ದು. ಆಮೇಲೆ,

"ಮತ್ತೆ ಆ ಗೌಡ ಕೊಟ್ನಾ?"

ಇನ್ನೂ ಇಲ್ಲ ಅಕ್ಕ. ಇಂಟರ್ನಲ್ಸ್ ಮುಗಿದ ಮೇಲೆ ಮತ್ತೆ ಕೂರುತ್ತೇವೆ.